ಸೋಲಾರ್ ವಿಂಡ್‌ನಲ್ಲಿ ಹೀಲಿಯಂ ಪಿಕಪ್ ಅಯಾನ್ ಅಲೆ: ದಾವಣಗೆರೆಯಲ್ಲಿ ಕೂತು ಹಿಡಿದ ನನ್ನ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ಆಗುತ್ತೆ. ಹೊಸದಾಗಿ ಅಯಾನ್ ಆದ ಹೀಲಿಯಂ (ಪಿಕಪ್ ಅಯಾನ್ ಅಂತಾರೆ) ಸೋಲಾರ್ ವಿಂಡ್‌ನಲ್ಲಿ, ಅಂದ್ರೆ ಸೂರ್ಯನಿಂದ ಸದಾ ಹರಿದು ಬರೋ ಅಯಾನ್, ಎಲೆಕ್ಟ್ರಾನ್ ಗಾಳಿಯಲ್ಲಿ, ಎಬ್ಬಿಸೋ ಮ್ಯಾಗ್ನೆಟಿಕ್ ಫೀಲ್ಡ್ ಅಲೆನ, ಅದೂ ಸೂರ್ಯನಿಂದ ಭೂಮಿಯಷ್ಟು ದೂರದಲ್ಲಿ, ಬರೀ ಸ್ಪೇಸ್‌ಕ್ರಾಫ್ಟ್ ಮೇಲಿನ ಮ್ಯಾಗ್ನೆಟೋಮೀಟರ್ (ಮ್ಯಾಗ್ನೆಟಿಕ್ ಫೀಲ್ಡ್ ಅಳೆಯೋ ಉಪಕರಣ) ಡೇಟಾ ಮತ್ತೆ ಗಾಳಿ ಸ್ಪೀಡು ಇಟ್ಕೊಂಡು ಮನೆ ಕಂಪ್ಯೂಟರ್‌ನಲ್ಲೇ ಹಿಡಿಬಹುದು. ಅಲೆ ಇದೆ ಅನ್ನೋದು ಹೊಸ ವಿಷಯ ಅಲ್ಲ, ಯುಲಿಸಿಸ್, ವಾಯೇಜರ್, ಎಸಿಇ ಅನ್ನೋ ಸ್ಪೇಸ್‌ಕ್ರಾಫ್ಟ್‌ಗಳ ಡೇಟಾದಲ್ಲಿ ದೊಡ್ಡ ದೊಡ್ಡ ಗ್ರೂಪ್‌ನವ್ರು ತೋರ್ಸಿದಾರೆ. ನಾನು ಹೇಳ್ತಿರೋದು ಏನಂದ್ರೆ ಲ್ಯಾಬ್ ಇಲ್ದೆ, ಗ್ರ್ಯಾಂಟ್ ಇಲ್ದೆ, ಕಾಲೇಜ್ ಮುಗ್ಸಿ ಮನೆಗೆ ಬಂದು ರಾತ್ರಿ ಕೂತು ಮಾಡೋಕೂ ಆಗುತ್ತೆ ಅಂತ. ಇದು ಆಗಲ್ಲ ಅಂತ ನನಗೆ ಹೇಳಿದವ್ರು ಬಹಳ ಜನ. ಅವ್ರಲ್ಲಿ ಇಬ್ಬರು ಈಗ ನನ್ನ ಸ್ಕ್ರಿಪ್ಟ್ ಕೇಳ್ತಿದಾರೆ, ಅದಕ್ಕೇ ಒಂದೇ ಸಲ ಎಲ್ಲರಿಗೂ ಬರೆದುಬಿಡೋಣ ಅಂತ ಕೂತೆ. ಎಫ್‌ಎಫ್‌ಟಿ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಪವರ್ ಇದೆ ಅಂತ ತೆಗೆಯೋದು), ಮಿನಿಮಮ್ ವೇರಿಯನ್ಸ್ (ಅಲೆ ಹೋಗೋ ದಿಕ್ಕು ಹುಡುಕೋದು), ಹೋಡೋಗ್ರಾಮ್ (ಫೀಲ್ಡ್‌ನ ಎರಡು ಕಾಂಪೊನೆಂಟ್ ಒಂದರ ಎದುರು ಒಂದು ಹಾಕಿದ ಪ್ಲಾಟ್), ಸಿಡಿಎಫ್ ಅನ್ನೋ ಡೇಟಾ ಫೈಲ್ ಓದೋದು ಇದೆಲ್ಲ ನಿಮಗೆ ಗೊತ್ತಿದೆ ಅಂದ್ಕೊಂಡೇ ಬರೀತೀನಿ.

ನಾನು ದಾವಣಗೆರೆಯಲ್ಲಿ ಪಿಯು ಹುಡುಗ್ರಿಗೆ ಫಿಸಿಕ್ಸ್ ಹೇಳ್ಕೊಡೋನು. ಶುರು ಮಾಡ್ದಾಗ ಬೆಂಗಳೂರಿನ ಒಬ್ರು ಹಿರಿಯ ಪ್ರೊಫೆಸರ್‌ಗೆ ನನ್ನ ಪ್ಲಾನ್ ತೋರ್ಸಿದ್ದೆ. ಅವ್ರು ಕಾಗದ ಪೂರ್ತಿ ಓದಿ, "ನೋಡಿ ಸರ್, ಮಂಗಳ, ಧೂಮಕೇತು ಹತ್ರ ಆದ್ರೆ ಸರಿ, ಅಲ್ಲಿ ನ್ಯೂಟ್ರಲ್ ಗ್ಯಾಸ್ ಜಾಸ್ತಿ. 1 ಎಯುನಲ್ಲಿ, ಅಂದ್ರೆ ಸೂರ್ಯನಿಂದ ಭೂಮಿಯಷ್ಟು ದೂರದಲ್ಲಿ, ಹೀಲಿಯಂ ಎಷ್ಟಿದೆ ಹೇಳಿ? ಆ ಅಲೆ ಗಾಳಿಯ ಟರ್ಬುಲೆನ್ಸ್‌ನಲ್ಲಿ, ಆ ಕಲಕಾಟದಲ್ಲಿ, ಮುಳುಗಿ ಹೋಗಿರುತ್ತೆ, ಟೈಮ್ ವೇಸ್ಟ್ ಮಾಡ್ಕೋಬೇಡಿ" ಅಂದ್ರು. ಅವ್ರು ಹೇಳಿದ್ರಲ್ಲಿ ಫಿಸಿಕ್ಸ್ ಸರಿನೇ ಇತ್ತು. ಇಂಟರ್‌ಸ್ಟೆಲ್ಲಾರ್ ಹೀಲಿಯಂ, ಅಂದ್ರೆ ನಕ್ಷತ್ರಗಳ ಮಧ್ಯದಿಂದ ಬರೋದು, ಒಂದು ಸಿಸಿಗೆ 0.015 ಆಟಂ ಅಷ್ಟೇ, ಸೋಲಾರ್ ವಿಂಡ್ ಪ್ರೋಟಾನ್ ಆದ್ರೆ 5ರ ಹತ್ರ. ಆ ಹೀಲಿಯಂ ಸೆಕೆಂಡಿಗೆ 25-26 ಕಿಲೋಮೀಟರ್‌ನಲ್ಲಿ ತೇಲ್ಕೊಂಡು ಒಳಗೆ ಬರುತ್ತೆ, ಸೂರ್ಯನ ಯುವಿ ತಾಗಿ ಎಲೆಕ್ಟ್ರಾನ್ ಕಳ್ಕೊಳುತ್ತೆ, ಆ ಕ್ಷಣದಿಂದ ಸೋಲಾರ್ ವಿಂಡ್ ಹೊತ್ತು ತರೋ ಮ್ಯಾಗ್ನೆಟಿಕ್ ಫೀಲ್ಡ್ ಅದನ್ನ ಹಿಡ್ಕೊಂಡು ಗಾಳಿ ಜೊತೆ ಎಳ್ಕೊಂಡು ಹೋಗುತ್ತೆ. ಹೈಡ್ರೋಜನ್ ಅಂತೂ ಅಷ್ಟು ಒಳಗೆ ಬರೋದೇ ಕಷ್ಟ, ಹೊರಗಡೆನೇ ಅಯಾನ್ ಆಗಿ ಮುಗಿದಿರುತ್ತೆ. ಹೀಲಿಯಂಗೆ 24.6 ಎಲೆಕ್ಟ್ರಾನ್‌ವೋಲ್ಟ್ ಬೇಕು, ಅದಕ್ಕೇ ಅದು ಭೂಮಿ ದಾಟಿ ಸೂರ್ಯನ ಕಡೆ ಇನ್ನೂ ಒಳಗೆ ಹೋಗುತ್ತೆ. ಸಪ್ಲೈ ಕಮ್ಮಿ, ಒಪ್ಕೊಂಡೆ, ಆದ್ರೆ ಸೊನ್ನೆ ಅಂತೂ ಅಲ್ವಲ್ಲ.

ನೇರ ಹೀಲಿಯಂಗೆ ಕೈ ಹಾಕ್ಲಿಲ್ಲ, ಮಂಗಳದಿಂದ ಶುರು ಮಾಡ್ದೆ, ಇದು ನಾನು ಎಲ್ಲರಿಗೂ ಹೇಳೋ ಮಾತು. ಮಂಗಳದ ಸುತ್ತ ಹೈಡ್ರೋಜನ್ ಕೊರೋನಾ, ಅಂದ್ರೆ ತೆಳು ಹೈಡ್ರೋಜನ್ ಮೋಡ, ಬೋ ಶಾಕ್ (ಸೋಲಾರ್ ವಿಂಡ್ ಗ್ರಹಕ್ಕೆ ಎದುರಾಗಿ ಒಮ್ಮೆಲೇ ನಿಧಾನ ಆಗೋ ಗಡಿ) ದಾಟಿ ಎಷ್ಟೋ ದೂರ ಹರಡಿದೆ, ಅಲ್ಲಿ ಪ್ರೋಟಾನ್ ಆದದ್ದೆಲ್ಲ ಅಲೆ ಎಬ್ಬಿಸುತ್ತೆ, ಫೋಬೋಸ್-2 ಸ್ಪೇಸ್‌ಕ್ರಾಫ್ಟ್ ಕಾಲದಿಂದ ಗೊತ್ತಿರೋದು. ನಾಸಾದ ಮೇವನ್ ಸ್ಪೇಸ್‌ಕ್ರಾಫ್ಟ್ 2014ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಹೋಗಿ ಸೇರ್ತು, ಅದ್ರ ಮ್ಯಾಗ್ನೆಟೋಮೀಟರ್ ಸೆಕೆಂಡಿಗೆ 32 ಸ್ಯಾಂಪಲ್ ತಗೊಳ್ತಿತ್ತು, ನಮಗೆ 1 ಸೆಕೆಂಡ್ ಡೇಟಾ ಸಾಕೋ ಸಾಕು. ಮೊದಲ ಎರಡ್ಮೂರು ತಿಂಗಳ ಫೈಲ್ ಇಳ್ಸಿದ ಮೇಲೆ ಗೊತ್ತಾಗಿದ್ದು ಏನಂದ್ರೆ ಆರ್ಬಿಟ್‌ನ ತುದಿ ಬೋ ಶಾಕ್ ಹೊರಗೆ ಬರೋ ಸೀಸನ್ ಮಾತ್ರ ಕೆಲ್ಸಕ್ಕೆ ಬರುತ್ತೆ, ಉಳಿದ ಟೈಮಲ್ಲಿ ಆರ್ಬಿಟ್ ಪೂರ್ತಿ ಬೋ ಶಾಕ್ ಒಳಗಡೆಯ ಶೀತ್, ಟೇಲ್ ಅನ್ನೋ ಭಾಗದಲ್ಲೇ ಸುತ್ತುತ್ತಿತ್ತು. ಗ್ರಹ ಪೆರಿಹೀಲಿಯನ್ ಹತ್ರ (ಸೂರ್ಯನಿಗೆ ಅತಿ ಹತ್ರದ ಜಾಗ) ಇದ್ದಾಗ ಹೈಡ್ರೋಜನ್ ಜಾಸ್ತಿ ಆಗುತ್ತೆ, ಅಲೆನೂ ಜಾಸ್ತಿ. ಅಪ್‌ಹೀಲಿಯನ್ (ಸೂರ್ಯನಿಂದ ಅತಿ ದೂರದ ಜಾಗ) ಡೇಟಾದಲ್ಲಿ ಹುಡುಕ್ತಾ ಕೂತ್ರೆ ಬೇಜಾರಾಗಿ ಬಿಟ್ಟುಬಿಡ್ತೀರಾ.

ಒಂದು ಇಂಟರ್ವಲ್ ಹೇಳ್ತೀನಿ, ಈಗಲೂ ನನ್ನ ಡೆಸ್ಕ್‌ಟಾಪ್ ವಾಲ್‌ಪೇಪರ್ ಅದೇ. ಫೀಲ್ಡ್ 3.1 ನ್ಯಾನೋಟೆಸ್ಲಾ. 1 ನ್ಯಾನೋಟೆಸ್ಲಾಗೆ ಪ್ರೋಟಾನ್ ಗೈರೋಫ್ರೀಕ್ವೆನ್ಸಿ (ಫೀಲ್ಡ್ ಸುತ್ತ ಅದು ಸೆಕೆಂಡಿಗೆ ಎಷ್ಟು ಸುತ್ತು ಹಾಕುತ್ತೆ ಅನ್ನೋದು) 0.01525 ಹರ್ಟ್ಸ್ ಅಲ್ವಾ, ಅಂದ್ರೆ ಇಲ್ಲಿ 0.047, ಒಂದು ಸುತ್ತಿಗೆ 21 ಸೆಕೆಂಡ್. ಮೀನ್ ಫೀಲ್ಡ್ ಕೋಆರ್ಡಿನೇಟ್‌ಗೆ (ಒಂದು ಆಕ್ಸಿಸ್ ಸರಾಸರಿ ಫೀಲ್ಡ್ ಗುಂಟ) ತಿರುಗ್ಸಿ ಪ್ಲಾಟ್ ಹಾಕ್ದೆ. ಪ್ಯಾರಲಲ್ ಕಾಂಪೊನೆಂಟ್ ಸಪಾಟಾಗಿ ಹೋಗ್ತಿದೆ, ಅಡ್ಡದ ಎರಡೂ ಕಾಂಪೊನೆಂಟ್ ಮಾತ್ರ ಮುಕ್ಕಾಲು ನ್ಯಾನೋಟೆಸ್ಲಾ ಮೇಲೆ ಕೆಳಗೆ ಆಡ್ತಿವೆ, ಒಂದು ಪೀಕ್‌ಗೆ ಬಂದು ಐದು ಸೆಕೆಂಡ್ ಬಿಟ್ಟು ಇನ್ನೊಂದು ಪೀಕ್‌ಗೆ ಬರುತ್ತೆ, ಕಾಲು ಸುತ್ತು ಹಿಂದೆ. ಇಪ್ಪತ್ತು ನಿಮಿಷ ಹಂಗೇ ತಪ್ಪದೆ. ಹೋಡೋಗ್ರಾಮ್‌ನಲ್ಲಿ ಸರಿಯಾದ ವೃತ್ತ, ಸ್ಪೇಸ್‌ಕ್ರಾಫ್ಟ್ ಫ್ರೇಮ್‌ನಲ್ಲಿ ಲೆಫ್ಟ್ ಹ್ಯಾಂಡ್, ಅಂದ್ರೆ ಅಯಾನ್ ಸುತ್ತೋ ದಿಕ್ಕಲ್ಲೇ. ಡಾಪ್ಲರ್ ಶಿಫ್ಟ್ ಎಲ್ಲಿ ಹೋಯ್ತು, ಸೆಕೆಂಡಿಗೆ 400 ಕಿಲೋಮೀಟರ್ ಸ್ಪೀಡಲ್ಲಿ ಹರಿಯೋ ಪ್ಲಾಸ್ಮಾದಲ್ಲಿ ಅಲೆ ಸರಿಯಾಗಿ ಗೈರೋಫ್ರೀಕ್ವೆನ್ಸಿಗೇ ಯಾಕೆ ಬಂತು ಅಂತ ನನ್ನ ಎಂಎಸ್ಸಿ ಗೆಳೆಯ ಒಬ್ಬ ಕೇಳ್ದ. ಹುಟ್ಟಿದ ಕ್ಷಣದಲ್ಲಿ ಆ ಪ್ರೋಟಾನ್ ಗ್ರಹದ ಲೆಕ್ಕದಲ್ಲಿ ಹೆಚ್ಚುಕಮ್ಮಿ ನಿಂತೇ ಇತ್ತು, ಸ್ಪೇಸ್‌ಕ್ರಾಫ್ಟೂ ಹಂಗೇ. ಅಯಾನ್ ತನ್ನ ಫ್ರೇಮ್‌ನಲ್ಲಿ ಗೈರೋಫ್ರೀಕ್ವೆನ್ಸಿ ಕಾಣೋ ಅಲೆ ಜೊತೆನೇ ರೆಸೊನೆನ್ಸ್ ಆಗೋದು, ಹಂಗಾಗಿ ನಮಗೂ ಅದೇ ಕಾಣುತ್ತೆ. ಇಡೀ ಮೆಥಡ್ ನಿಂತಿರೋದು ಈ ಒಂದೇ ವಿಷಯದ ಮೇಲೆ. ಹೀಲಿಯಂಗೂ ಇದೇ ಲೆಕ್ಕ, ಮಾಸ್ ನಾಲ್ಕು ಪಟ್ಟು ಆದ್ರಿಂದ ಫ್ರೀಕ್ವೆನ್ಸಿ ಕಾಲು ಭಾಗ.

ಮಂಗಳದಲ್ಲಿ ಸಲೀಸಾಗಿ ಆಯ್ತಲ್ಲ, ಅದೇ ಕೋಡ್ ತಗೊಂಡು ಭೂಮಿ ಕಡೆ ಸೋಲಾರ್ ವಿಂಡ್ ಅಳೆಯೋ 'ವಿಂಡ್' ಅನ್ನೋ ಸ್ಪೇಸ್‌ಕ್ರಾಫ್ಟ್‌ನ 3 ಸೆಕೆಂಡ್ ಡೇಟಾ ಮೇಲೆ ಓಡ್ಸಿದೆ. ಏನೂ ಇಲ್ಲ. ವರ್ಷದ ಡೇಟಾ ಪೂರ್ತಿ ಸೇರ್ಸಿ ಸರಾಸರಿ ಸ್ಪೆಕ್ಟ್ರಮ್ ತೆಗೆದ್ರೆ ಗೆರೆ ಎಳೆದ ಹಾಗೆ ಮೈನಸ್ 5/3 ಸ್ಲೋಪ್ (ಟರ್ಬುಲೆನ್ಸ್‌ನ ಮಾಮೂಲಿ ಗುರುತು), ಒಂದು ಗುಬುಟೂ ಇಲ್ಲ. ಆಮೇಲೆ ವೇವ್‌ಲೆಟ್ (ಯಾವ ಹೊತ್ತಲ್ಲಿ ಯಾವ ಫ್ರೀಕ್ವೆನ್ಸಿ ಇದೆ ಅಂತ ತೋರ್ಸೋ ಲೆಕ್ಕ) ಹಾಕೋಣ ಅಂತ ಇಪ್ಪತ್ತು ಚಿಲ್ಲರೆ ವರ್ಷದ ಡೇಟಾ ಮೇಲೆ ವೇವ್‌ಲೆಟ್ ಬಿಟ್ಟೆ, 8 ಜಿಬಿ ರ‍್ಯಾಮ್ ಹಳೇ ಲ್ಯಾಪ್‌ಟಾಪ್ ಅರ್ಧ ಗಂಟೆಗೊಂದ್ಸಲ ಹ್ಯಾಂಗ್. ಬಾಡಿಗೆ ಸರ್ವರ್ ತಗೊಂಡೆ, ತಿಂಗಳ ಕೊನೆಗೆ ಕಾರ್ಡ್‌ನಿಂದ ಹನ್ನೊಂದು ಸಾವಿರದ ಮೇಲೆ ಕಟ್ ಆಯ್ತು, ಸಿಕ್ಕಿದ್ದು ಮಾತ್ರ ಅದೇ ನೇರ ಗೆರೆ. ಮನೆಯವ್ರು ಆ ಮೆಸೇಜ್ ನೋಡಿ, "ಏನ್ರೀ ಇದು, ಮಗೀನ ಸ್ಕೂಲ್ ಫೀಸ್ ಟೈಮಲ್ಲಿ" ಅಂದ್ರು, ಅವ್ರು ಕೇಳಿದ್ದು ನ್ಯಾಯನೇ. ಅವತ್ತೇ ಸರ್ವರ್ ಬಿಟ್ಟೆ. ಬೆಂಗಳೂರು ಎಸ್‌ಪಿ ರೋಡಿಂದ ಸೆಕೆಂಡ್ ಹ್ಯಾಂಡ್ ಐ5 ಡೆಸ್ಕ್‌ಟಾಪ್, 32 ಜಿಬಿ ರ‍್ಯಾಮ್ ಹಾಕ್ಸಿ ಹದಿನೇಳೋ ಹದಿನೆಂಟೋ ಸಾವಿರಕ್ಕೆ ತಂದೆ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಹೋಗಿ ಒಂದು ಹಾರ್ಡ್ ಡಿಸ್ಕ್ ಫೈಲ್ ಸಿಸ್ಟಮ್ ಸಮೇತ ಹೋಯ್ತು, ಇಳ್ಸಿದ ಡೇಟಾ ಅರ್ಧ ಮತ್ತೆ ಇಳ್ಸಬೇಕಾಯ್ತು, ಆಮೇಲೆ ಯುಪಿಎಸ್, ಹೊಸ ಬ್ಯಾಟರಿ. ಈ ಕೆಲ್ಸಕ್ಕೆ ಇಳಿಯೋರು ಮೊದಲು ಯುಪಿಎಸ್ ತಗೊಳ್ಳಿ, ರ‍್ಯಾಮ್ ಆಮೇಲೆ.

ಇಷ್ಟು ದುಡ್ಡು ಸುಟ್ಟ ಮೇಲೆ ಕೂತು ಕಂಪ್ಯೂಟರ್ ಸ್ಪೀಡಿನ ಚಿಂತೆ ಬಿಟ್ಟು ಅಲೆಯ ಎನರ್ಜಿ ಲೆಕ್ಕ ಹಾಕ್ದೆ. ಪಿಕಪ್ ಅಯಾನ್ ಅಲೆಗೆ ಎನರ್ಜಿ ಕೊಡೋದು ಬಹಳ ನಿಧಾನ, ಅಲೆ ಬೆಳೆಯೋಕೆ ಗಂಟೆಗಟ್ಲೆ ಬೇಕು. ಅಷ್ಟ್ರಲ್ಲಿ ಟರ್ಬುಲೆನ್ಸ್ ಆ ಎನರ್ಜಿನ ಸಣ್ಣ ಸ್ಕೇಲ್‌ಗೆ ಎಳ್ಕೊಂಡು ಹೋಗ್ಬಿಡುತ್ತೆ. ಸಣ್ಣಗೆ ನೀರು ಬರೋ ಬೋರ್‌ವೆಲ್ ಪೈಪ್ ತೊಟ್ಟಿಗೆ ಬಿಟ್ಟು ಕೆಳಗಿನ ನಲ್ಲಿ ಪೂರ್ತಿ ತೆಗ್ದಿದ್ರೆ ತೊಟ್ಟಿ ಯಾವತ್ತೂ ತುಂಬಲ್ಲ, ನಲ್ಲಿ ಸ್ವಲ್ಪ ಬಿಗಿ ಇದ್ದಾಗ ಮಾತ್ರ ನೀರು ನಿಲ್ಲುತ್ತೆ. ಹಂಗಾಗಿ ಹುಡುಕಬೇಕಾದ್ದು ಅಲೆನ ಅಲ್ಲ, ನಲ್ಲಿ ಬಿಗಿಯಾಗಿರೋ ಜಾಗನ. ಸೋಲಾರ್ ವಿಂಡ್‌ನಲ್ಲಿ ಆ ಜಾಗ ಯಾವ್ದು? ಫಾಸ್ಟ್ ಸ್ಟ್ರೀಮ್ ದಾಟಿ ಹೋದ ಮೇಲೆ ಹಿಂದೆ ಬರೋ ತೆಳು ಗಾಳಿ, ಅಂದ್ರೆ ರೇರ್‌ಫ್ಯಾಕ್ಷನ್, ಸ್ಪೀಡ್ ದಿನಗಟ್ಲೆ ನಿಧಾನಕ್ಕೆ ಇಳೀತಾ ಇರುತ್ತೆ, ಡೆನ್ಸಿಟಿ ಕಮ್ಮಿ, ಫೀಲ್ಡ್ ಸಪ್ಪೆ. ಎಲ್ಲರೂ ಪ್ಲಾಟ್ ನೋಡುವಾಗ ಶಾಕ್, ಸಿಎಂಇ (ಸೂರ್ಯ ಒಮ್ಮೆಲೇ ಉಗುಳೋ ಪ್ಲಾಸ್ಮಾ), ಸ್ಟ್ರೀಮ್ ಎದುರಿನ ಗಲಾಟೆ ಕಡೆ ನೋಡ್ತಾರೆ, ಆ ಬಾಲದ ಕಡೆ ಮೌಸ್ ಇಡೋರು ಕಮ್ಮಿ. ನನ್ನ ಮಾಲೆಲ್ಲ ಸಿಕ್ಕಿದ್ದು ಆ ಬಾಲದಲ್ಲೇ.

ಎರಡನೇ ಷರತ್ತು ಫೀಲ್ಡ್ ದಿಕ್ಕು. 1 ಎಯುನಲ್ಲಿ ಪಾರ್ಕರ್ ಸ್ಪೈರಲ್ (ಸೂರ್ಯ ತಿರುಗೋದ್ರಿಂದ ಸುರುಳಿಯಾಗೋ ಫೀಲ್ಡ್) ಸರಾಸರಿ 45 ಡಿಗ್ರಿ, ಆದ್ರೆ ರೇರ್‌ಫ್ಯಾಕ್ಷನ್‌ನಲ್ಲಿ ಎಷ್ಟೋ ಸಲ ಫೀಲ್ಡ್ ಹೆಚ್ಚುಕಮ್ಮಿ ರೇಡಿಯಲ್, ಅಂದ್ರೆ ಸೂರ್ಯನಿಂದ ನೇರ ಗೆರೆಯಲ್ಲಿ, ಆಗಿಬಿಡುತ್ತೆ. ಫೀಲ್ಡ್ ರೇಡಿಯಲ್ ಇದ್ರೆ ಹೊಸ ಅಯಾನ್ ಗಾಳಿಯ ಲೆಕ್ಕದಲ್ಲಿ ಫೀಲ್ಡ್ ಗುಂಟ ಸೂರ್ಯನ ಕಡೆ ಬೀಮ್ ಆಗಿ ಹೋಗುತ್ತೆ, ಅಲೆ ಜೋರಾಗಿ ಬೆಳೆಯುತ್ತೆ. ನಾನು ಕೋನ್ ಆಂಗಲ್ (ಫೀಲ್ಡ್‌ಗೂ ರೇಡಿಯಲ್ ದಿಕ್ಕಿಗೂ ಮಧ್ಯದ ಕೋನ) 30 ಡಿಗ್ರಿ ಒಳಗೆ ಇದ್ದದ್ದು ಮಾತ್ರ ಇಟ್ಕೊಂಡೆ, ಶುರುವಲ್ಲಿ 45 ಇಟ್ಟಿದ್ದೆ, ಕಸ ಜಾಸ್ತಿ ಬಂತು. ಸ್ಪೀಡ್ ಕನಿಷ್ಠ ಒಂದು ದಿನದಿಂದ ಇಳೀತಾ ಇರಬೇಕು, ಫೀಲ್ಡ್ ಆ ತಿಂಗಳ ಸರಾಸರಿಗಿಂತ ಕಮ್ಮಿ ಇರಬೇಕು. ಇಷ್ಟು ಜರಡಿ ಹಿಡಿದ್ರೆ ವರ್ಷದ ಡೇಟಾದಲ್ಲಿ ಉಳಿಯೋದು ನೂರಕ್ಕೆ ಮೂರೋ ನಾಲ್ಕೋ ಭಾಗ. ಹಳೇ ಲ್ಯಾಪ್‌ಟಾಪೇ ಸಾಕಾಗ್ತಿತ್ತು!

ಈಗ ಅಸಲಿ ತಲೆನೋವು ಹೇಳ್ತೀನಿ, ಇದನ್ನ ಬಿಡಿಸಿ ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಫೀಲ್ಡ್ ರೇಡಿಯಲ್ ಇದ್ದಾಗಲೇ ಸ್ಪೇಸ್‌ಕ್ರಾಫ್ಟ್ ನಮ್ಮ ಭೂಮಿಯ ಬೋ ಶಾಕ್‌ಗೆ ಕನೆಕ್ಟ್ ಆಗಿರೋ ಚಾನ್ಸೂ ಜಾಸ್ತಿ. ಬೋ ಶಾಕ್‌ನಿಂದ ವಾಪಸ್ ಬರೋ ಅಯಾನ್‌ಗಳು ಫೋರ್‌ಶಾಕ್‌ನಲ್ಲಿ (ಬೋ ಶಾಕ್ ಮುಂದಿನ ಜಾಗ) ಅಲೆ ಎಬ್ಬಿಸುತ್ವೆ, 30 ಸೆಕೆಂಡ್ ಅಲೆ ಅಂತಾರಲ್ಲ ಅವೇ. ಅದ್ರ ಫ್ರೀಕ್ವೆನ್ಸಿ ಮಿಲಿಹರ್ಟ್ಸ್‌ನಲ್ಲಿ ಸುಮಾರಾಗಿ ನ್ಯಾನೋಟೆಸ್ಲಾ ಲೆಕ್ಕದ ಫೀಲ್ಡ್‌ನ ಆರು ಪಟ್ಟು. ಹೀಲಿಯಂ ಗೈರೋಫ್ರೀಕ್ವೆನ್ಸಿ ಫೀಲ್ಡ್‌ನ 3.8 ಪಟ್ಟು. ಎರಡೂ ಫೀಲ್ಡ್ ಜೊತೆನೇ ಏರ್ತಾವೆ, ಇಳೀತಾವೆ, ಎರಡೂ ಸ್ಪೇಸ್‌ಕ್ರಾಫ್ಟ್ ಫ್ರೇಮ್‌ನಲ್ಲಿ ಸಾಮಾನ್ಯವಾಗಿ ಲೆಫ್ಟ್ ಹ್ಯಾಂಡ್! ಫ್ರೀಕ್ವೆನ್ಸಿ ಆಕ್ಸಿಸ್‌ನ ಹೀಲಿಯಂ ಗೈರೋಫ್ರೀಕ್ವೆನ್ಸಿಯಿಂದ ಭಾಗಿಸಿದ್ರೆ ಫೋರ್‌ಶಾಕ್ ಅಲೆ ಯಾವಾಗ್ಲೂ ಒಂದೂವರೆ ಪಟ್ಟಿನ ಹತ್ರ ಬಂದು ಕೂರುತ್ತೆ, ನಮ್ಮ ಅಲೆ ಒಂದರಿಂದ ಶುರು ಆಗುತ್ತೆ. ಈ ಒಂದು ಮತ್ತೆ ಒಂದೂವರೆ ಬಿಡಿಸೋದ್ರಲ್ಲೇ ನನ್ನ ಒಂದು ಮಳೆಗಾಲ ಪೂರ್ತಿ ಹೋಯ್ತು. ಪರಿಹಾರ ಹೀಗೆ ಮಾಡ್ಕೊಂಡೆ: ವಿಂಡ್ ಮೊದಲ ವರ್ಷಗಳಲ್ಲಿ ಭೂಮಿ ಸುತ್ತಮುತ್ತ ಓಡಾಡ್ಕೊಂಡಿತ್ತು, ಆ ಡೇಟಾ ಪೂರ್ತಿ ಬಿಟ್ಟೆ, 2004ರಲ್ಲಿ ಎಲ್1ಗೆ (ಭೂಮಿಯಿಂದ ಸೂರ್ಯನ ಕಡೆ, ಎರಡರ ಗುರುತ್ವ ಸರಿತೂಗೋ ಜಾಗ) ಹೋಗಿ ಕೂತ ಮೇಲಿನದ್ದು ಮಾತ್ರ ತಗೊಂಡೆ, ಅಲ್ಲಿಂದ ಬೋ ಶಾಕ್ ಹದಿನೈದು ಲಕ್ಷ ಕಿಲೋಮೀಟರ್ ಹತ್ರ ದೂರ. ಅಷ್ಟಾದ್ರೂ ಫೀಲ್ಡ್ ಲೈನ್ ನೇರ ಗೆರೆ ಎಳೆದು ಬೋ ಶಾಕ್‌ಗೆ ತಾಗುತ್ತಾ ನೋಡೋದು, ತಾಗಿದ್ರೆ ಆ ಇಂಟರ್ವಲ್ ಔಟ್. ಆ ಹೊತ್ತಲ್ಲಿ ಎನರ್ಜೆಟಿಕ್ ಅಯಾನ್ ಫ್ಲಕ್ಸ್ ಎದ್ದಿದ್ರೂ ಔಟ್. ಇದ್ರಿಂದ ಒಳ್ಳೇ ಇಂಟರ್ವಲ್‌ಗಳೂ ಕೆಲವು ಹೋಗ್ತಾವೆ, ಹೋಗ್ಲಿ.

ಇನ್ನೊಂದು ಎಚ್ಚರಿಕೆ. ಎಸಿಇ ಡೇಟಾ ಮೇಲೆ ಕೆಲ್ಸ ಮಾಡೋರು 0.083 ಹರ್ಟ್ಸ್‌ನಲ್ಲಿ ಚೂಪಾದ ಪೀಕ್ ಕಂಡ್ರೆ ಅದನ್ನ ಬಿಟ್ಟುಬಿಡಿ. ಎಸಿಇ ನಿಮಿಷಕ್ಕೆ 5 ಸುತ್ತು ತಿರುಗುತ್ತೆ, 12 ಸೆಕೆಂಡಿಗೆ ಒಂದು, ಅದೇ 0.083. ಫೀಲ್ಡ್ ಐದೂವರೆ ನ್ಯಾನೋಟೆಸ್ಲಾ ಇದ್ದಾಗ ಪ್ರೋಟಾನ್ ಗೈರೋಫ್ರೀಕ್ವೆನ್ಸಿನೂ ಸರಿಯಾಗಿ ಅಲ್ಲೇ ಬರುತ್ತೆ! ಹುಬ್ಬಳ್ಳಿ ಕಡೆಯ ಒಬ್ರು ರಿಸರ್ಚ್ ಸ್ಕಾಲರ್ ನನಗೆ ಪ್ಲಾಟ್ ಕಳ್ಸಿ ಹೈಡ್ರೋಜನ್ ಪಿಕಪ್ ಅಲೆ ಸಿಕ್ತು ಸರ್ ಅಂತ ಖುಷಿಯಾಗಿದ್ರು, ನಾನು ಫೀಲ್ಡ್ ಬದಲಾದ್ರೂ ಪೀಕ್ ಜರುಗ್ತಿಲ್ಲ ನೋಡಿ ಅಂತ ತೋರ್ಸಿದೆ. ಇದೇ ಪರೀಕ್ಷೆ ಎಲ್ಲಾದಕ್ಕೂ ಮಾಡಿ, ಫೀಲ್ಡ್ ಜೊತೆ ಜರುಗದೇ ಇರೋದು ಪಿಕಪ್ ಅಯಾನ್ ಅಲೆ ಅಲ್ಲ. ವಿಂಡ್ 3 ಸೆಕೆಂಡಿಗೆ ಒಂದು ಸುತ್ತು, ನಮ್ಮ ಫ್ರೀಕ್ವೆನ್ಸಿಯಿಂದ ಬಹಳ ದೂರ, ನಾನು ವಿಂಡ್‌ಗೇ ಅಂಟ್ಕೊಂಡಿದ್ದಕ್ಕೆ ಅದೂ ಒಂದು ಕಾರಣ. ಸೋಲಾರ್ ವಿಂಡ್ ಪ್ರೋಟಾನ್‌ಗಳೇ ಎಬ್ಬಿಸೋ ಸೈಕ್ಲೋಟ್ರಾನ್ ಅಲೆಗಳೂ ರೇಡಿಯಲ್ ಫೀಲ್ಡ್‌ನಲ್ಲಿ ಬರ್ತಾವೆ, ಆದ್ರೆ ಅವು 0.1 ಹರ್ಟ್ಸ್ ಮೇಲೆ, ಗೊಂದಲ ಆಗಲ್ಲ.

ಇಷ್ಟೆಲ್ಲ ಜರಡಿ ಆದ ಮೇಲೆ ಉಳಿದ ಒಂದೊಂದು ಇಂಟರ್ವಲ್‌ಗೂ ವಿಂಡೋ ಉದ್ದ ಗಂಟೆ ಲೆಕ್ಕದಲ್ಲಿ ಇಡ್ಲಿಲ್ಲ, ಹೀಲಿಯಂ ಸುತ್ತಿನ ಲೆಕ್ಕದಲ್ಲಿ ಇಟ್ಟೆ, ಸುಮಾರು 40 ಸುತ್ತು. ಫೀಲ್ಡ್ ಕಮ್ಮಿ ಇದ್ರೆ ವಿಂಡೋ ಉದ್ದ, ಜಾಸ್ತಿ ಇದ್ರೆ ಗಿಡ್ಡ. ಆಮೇಲೆ ಸ್ಪೆಕ್ಟ್ರಮ್‌ನ ಗೈರೋಫ್ರೀಕ್ವೆನ್ಸಿಯಿಂದ ನಾರ್ಮಲೈಸ್ ಮಾಡಿ, ಎರಡೂ ಬದಿಯ ಟರ್ಬುಲೆನ್ಸ್ ಗೆರೆ ಫಿಟ್ ಮಾಡಿ ಅದ್ರಿಂದ ಭಾಗಿಸಿದೆ. ಜನವರಿ ರಾತ್ರಿ ಮೊದಲ ಒಳ್ಳೇದು ಬಂತು. ಫೀಲ್ಡ್ 3.4 ನ್ಯಾನೋಟೆಸ್ಲಾ, ಗಾಳಿ ಸ್ಪೀಡ್ ಸೆಕೆಂಡಿಗೆ 340 ಕಿಲೋಮೀಟರ್ ಹತ್ರ ಇಳೀತಾ ಇತ್ತು, ಕೋನ್ ಆಂಗಲ್ ಹದಿನೈದೋ ಇಪ್ಪತ್ತೋ. ಹೀಲಿಯಂ ಲೆಕ್ಕಕ್ಕೆ 13 ಮಿಲಿಹರ್ಟ್ಸ್, 77 ಸೆಕೆಂಡಿಗೆ ಒಂದು ಸುತ್ತು. ಸರಿಯಾಗಿ ಒಂದು ಅನ್ನೋ ಜಾಗದಿಂದ ಪವರ್ ಎದ್ದು, ಹಿನ್ನೆಲೆಗಿಂತ ಮೂರು ಪಟ್ಟು ಮೇಲೆ ಹೋಗಿ, ಹೈ ಫ್ರೀಕ್ವೆನ್ಸಿ ಕಡೆ ನಿಧಾನಕ್ಕೆ ಇಳಿದಿತ್ತು, ಒಂದೂವರೆ ಹತ್ರ ಬೇರೆ ಏನೂ ಇಲ್ಲ. ಅಡ್ಡ ಪವರ್ ಮಾತ್ರ, ಕೋಹಿರೆನ್ಸ್ 0.8, ಎಲಿಪ್ಟಿಸಿಟಿ ಮೈನಸ್ 0.7, ಅಂದ್ರೆ ಅಲೆ ಶಿಸ್ತಾಗಿ ಲೆಫ್ಟ್ ಹ್ಯಾಂಡ್ ಸುತ್ತುತ್ತಿದೆ. ಅಲೆ ಎತ್ತರ ಎಷ್ಟು ಗೊತ್ತಾ, 0.2 ನ್ಯಾನೋಟೆಸ್ಲಾ ಆಸುಪಾಸು. ನಮ್ಮ ಕಾಲ ಕೆಳಗಿನ ಭೂಮಿ ಫೀಲ್ಡ್ ನಲವತ್ತು ಸಾವಿರ. ಮೂರೂವರೆ ಗಂಟೆ ಹಂಗೇ ಇತ್ತು, ಫೀಲ್ಡ್ ಸ್ವಲ್ಪ ಏರಿದಾಗ ಗುಬುಟೂ ಜೊತೆಗೇ ಜರುಗಿತು. ಎಸಿಇನೂ ಅಲ್ಲೇ ಎಲ್1 ಹತ್ರನೇ ಇದೆಯಲ್ಲ, ಅದ್ರ ಡೇಟಾದಲ್ಲಿ ಅದೇ ಹೊತ್ತು ನೋಡಿದೆ, ಅಲ್ಲೂ ಇದೆ. ಎರಡು ಬೇರೆ ಬೇರೆ ಸ್ಪೇಸ್‌ಕ್ರಾಫ್ಟ್, ಬೇರೆ ಇನ್‌ಸ್ಟ್ರುಮೆಂಟ್, ಅಲೆ ಒಂದೇ. ಆ ರಾತ್ರಿ ನಿದ್ದೆ ಬರ್ಲಿಲ್ಲ ಬಿಡಿ, ಬೆಳಗ್ಗೆ ಆರಕ್ಕೇ ಎದ್ದು ಹೋಗಿ ಬೆಣ್ಣೆ ದೋಸೆ ತಿಂದು ಬಂದು ಮತ್ತೆ ಪ್ಲಾಟ್ ತೆಗೆದು ನೋಡ್ದೆ.

ಇಲ್ಲೀವರೆಗೆ ಗಟ್ಟಿ ಅಂತ ನಾನು ಒಪ್ಕೊಂಡಿರೋದು ನಲವತ್ತರ ಹತ್ರ ಇದ್ದಾವೆ, ಅನುಮಾನದ್ದು ಅದ್ರ ಎರಡು ಪಟ್ಟು. ಟರ್ಬುಲೆನ್ಸ್ ಗೆರೆ ಫಿಟ್ ಮಾಡುವಾಗ ಯಾವ ಪಾಯಿಂಟ್‌ಗೆ ಎಷ್ಟು ತೂಕ ಕೊಡ್ತೀನಿ ಅನ್ನೋದೊಂದು ಮತ್ತೆ ಅನುಮಾನದ ಗುಂಪಿಂದ ಗಟ್ಟಿ ಗುಂಪಿಗೆ ಏರ್ಸೋ ಒಂದು ಪರೀಕ್ಷೆ, ಇವೆರಡನ್ನ ಇಲ್ಲಿ ಬರೆಯಲ್ಲ. ಪೇಪರ್ ಕಳ್ಸಿದೀನಿ, ಅದು ಬರೋವರೆಗೂ ಅವು ನನ್ನ ಹತ್ರನೇ ಇರ್ಲಿ. ಮಾಮೂಲಿ ಲೀಸ್ಟ್ ಸ್ಕ್ವೇರ್ ಹಾಕಿದ್ರೂ ಜೋರಾದ ಅಲೆಗಳು ನಿಮಗೆ ಸಿಕ್ಕೇ ಸಿಗ್ತಾವೆ, ಸಣ್ಣವು ಸಿಗಲ್ಲ. ಮೊದಲು ಬೇಡ ಅಂದಿದ್ದ ಅದೇ ಪ್ರೊಫೆಸರ್‌ಗೆ ಪ್ಲಾಟ್ ತಗೊಂಡು ಜನಶತಾಬ್ದಿ ಹತ್ತಿ ಹೋದೆ. ಬಹಳ ಹೊತ್ತು ಮಾತಾಡದೇ ನೋಡಿದ್ರು, ಬೋ ಶಾಕ್ ಪ್ರಶ್ನೆ ಕೇಳಿದ್ರು, ಸ್ಪಿನ್ ಪ್ರಶ್ನೆ ಕೇಳಿದ್ರು, ಎರಡಕ್ಕೂ ಪ್ಲಾಟ್ ತೆಗೆದಿಟ್ಟೆ. ಕೊನೆಗೆ "ಇಂಟರ್ವಲ್ ಲಿಸ್ಟ್ ಕೊಡ್ತೀರಾ ಸರ್" ಅಂದ್ರು. ಕೊಟ್ಟೆ, ದೊಡ್ಡವ್ರು, ಸರಿಯಾದ ಪ್ರಶ್ನೆ ಕೇಳಿದ್ದಕ್ಕೇ ಕೆಲ್ಸ ಗಟ್ಟಿಯಾಯ್ತು.

ಮಧ್ಯೆ ಮಧ್ಯೆ ಬೇರೆ ಬೇರೆ ಪ್ರಯೋಗನೂ ಮಾಡ್ದೆ. ಆ ಫೋರ್‌ಶಾಕ್ ಅಲೆ ಭೂಮಿಯ ಫೀಲ್ಡ್ ಒಳಗೂ ಬರುತ್ತೆ, ನೆಲದ ಮೇಲೆ ಪಿಸಿ3 ಪಲ್ಸೇಷನ್ ಅನ್ನೋ ಸಣ್ಣ ಫೀಲ್ಡ್ ಏರಿಳಿತವಾಗಿ ಕಾಣುತ್ತೆ, ಅದೇ ಆರು ಪಟ್ಟಿನ ಲೆಕ್ಕ. ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ಕಡೆ ನಮ್ಮ ಮಾವನ ಅಡಿಕೆ ತೋಟ ಇದೆ, ಅಲ್ಲಿ ಆರ್‌ಎಂ3100 ಅನ್ನೋ ಮ್ಯಾಗ್ನೆಟೋಮೀಟರ್ ಸೆನ್ಸರ್ ಹೂಳೋಣ ಅಂತ ಹೋದೆ. ಪಿವಿಸಿ ಪೈಪಲ್ಲಿ ಇಟ್ಟು, ಎಂಸೀಲ್ ಹಾಕಿ ಮುಚ್ಚಿ, ಮೂರು ಅಡಿ ಗುಂಡಿ ತೆಗೆದು ಇಳ್ಸಿದೆ, ಅಷ್ಟು ಆಳ ಇಲ್ಲಾಂದ್ರೆ ಹಗಲು ರಾತ್ರಿ ಬಿಸಿ ತಂಪಿಗೇ ರೀಡಿಂಗ್ ಓಡಾಡುತ್ತೆ. ಸಂಜೆ ಹೊತ್ತಲ್ಲಿ ಗುಂಡಿ ತೆಗೀತಿರೋದು ನೋಡಿ ಪಕ್ಕದ ತೋಟದವ್ರು ನಿಧಿ ತೆಗೀತಿದಾರೆ ಅಂತ ಅಂದ್ಕೊಂಡು ನಾಲ್ಕು ಜನ ಬಂದು ನಿಂತ್ರು. ಮಾವ ಬಂದು, "ಏನ್ ಹೂಳ್ತಿದೀಯಪ್ಪಾ ಅಳಿಯಾ, ಇವ್ರಿಗೊಂದ್ಸಲ ಬಿಚ್ಚಿ ತೋರ್ಸಿಬಿಡು" ಅಂದ್ರು. ಪೈಪ್ ಬಿಚ್ಚಿ, ಲ್ಯಾಪ್‌ಟಾಪ್‌ನಲ್ಲಿ ಗೆರೆ ತೋರ್ಸಿ, ಸೆನ್ಸರ್ ಹತ್ರ ಕುಡುಗೋಲು ತಂದ್ರೆ ಗೆರೆ ಹೆಂಗೆ ಹಾರುತ್ತೆ ಅಂತ ತೋರ್ಸಿದ ಮೇಲೆ ಅವ್ರಿಗೂ ಆಸಕ್ತಿ ಬಂತು. ಅವ್ರಲ್ಲಿ ಒಬ್ರು ಈಗಲೂ ಮೋಟರ್ ಆನ್ ಮಾಡೋ ಟೈಮ್ ಬರೆದಿಟ್ಟು ಕಳಿಸ್ತಾರೆ, ನನಗೆ ಅದು ದೊಡ್ಡ ಸಹಾಯ. ಪಿಸಿ3 ಸಿಗ್ಲಿಲ್ಲ. ನಮ್ಮ ಲ್ಯಾಟಿಟ್ಯೂಡ್‌ನಲ್ಲಿ ಅದು 1 ನ್ಯಾನೋಟೆಸ್ಲಾಗಿಂತ ಕಮ್ಮಿ, ಆ ಸೆನ್ಸರ್‌ನ ನಾಯ್ಸೇ ಅದಕ್ಕಿಂತ ಜಾಸ್ತಿ. ಮಧ್ಯಾಹ್ನದ ಏರಿಳಿತ ಚೆನ್ನಾಗಿ ಬಂತು, 2024ರ ಮೇ 10ರ ರಾತ್ರಿ ಹತ್ತೂವರೆ ದಾಟಿದ ಮೇಲೆ ಬಂದ ಆ ದೊಡ್ಡ ಮ್ಯಾಗ್ನೆಟಿಕ್ ಸ್ಟಾರ್ಮ್ ಅಂತೂ ಕಣ್ಣಿಗೆ ರಾಚೋ ಹಂಗೆ ಬಂತು, ಮೊದಲು ಒಂದೇ ಸಲ ಮೇಲೆ ಹಾರಿ, ಆಮೇಲೆ ಇಳಿದು ಇಳಿದು ಬೆಳಗಿನ ಹೊತ್ತಿಗೆ ಮಾಮೂಲಿ ಮಟ್ಟದಿಂದ ಮುನ್ನೂರು ನ್ಯಾನೋಟೆಸ್ಲಾಗಿಂತ ಜಾಸ್ತಿ ಕೆಳಗೆ. ಲಡಾಖ್‌ನ ಹಾನ್ಲೆಯಲ್ಲಿ ಕೆಂಪು ಅರೋರಾ ಕಂಡಿದ್ದೂ ಅದೇ ರಾತ್ರಿ. ಸೆನ್ಸರ್, ರಾಸ್ಪ್‌ಬೆರಿ ಪೈ, ಕೇಬಲ್, ಸೋಲಾರ್ ಪ್ಯಾನೆಲ್ ಎಲ್ಲ ಸೇರಿ ಒಂಬತ್ತು ಸಾವಿರ ಆಗಿರಬೇಕು. ಪಿಸಿ3 ಬೇಕು ಅನ್ನೋರು ಒಳ್ಳೇ ಫ್ಲಕ್ಸ್‌ಗೇಟ್ ಮ್ಯಾಗ್ನೆಟೋಮೀಟರೇ ತಗೊಳ್ಳಿ.

ಇನ್ನೊಂದು, ಧೂಮಕೇತು. 1985ರ ಸೆಪ್ಟೆಂಬರ್ 11ಕ್ಕೆ ಐಸಿಇ ಅನ್ನೋ ಸ್ಪೇಸ್‌ಕ್ರಾಫ್ಟ್ ಜಿಯಾಕೊಬಿನಿ-ಝಿನ್ನರ್ ಧೂಮಕೇತು ಬಾಲದೊಳಗೆ ಹಾದು ಹೋಯ್ತು, ಧೂಮಕೇತು ಹತ್ರ ಹೋದ ಮೊದಲ ಸ್ಪೇಸ್‌ಕ್ರಾಫ್ಟ್ ಅದೇ, ಅದಕ್ಕೆ ಮುಂಚೆ ಐಸೀ-3 ಅನ್ನೋ ಹೆಸ್ರಲ್ಲಿ ಎಲ್1ನಲ್ಲಿ ಇತ್ತು. ಅಲ್ಲಿ ನೀರಿನ ಮಾಲಿಕ್ಯೂಲ್ ಒಡೆದು ಆದ ಅಯಾನ್‌ಗಳು, ಮಾಸ್ 16ರಿಂದ 18, ಹಂಗಾಗಿ ಅಲೆ ನೂರು ಸೆಕೆಂಡ್ ಆಸುಪಾಸು, ಎತ್ತರ ಎಷ್ಟು ಅಂದ್ರೆ ಫೀಲ್ಡ್‌ನಷ್ಟೇ ದೊಡ್ಡದು. ನನ್ನ ಕೋಡ್‌ಗೆ ಮಾಸ್ ಮಾತ್ರ ಬದಲಾಯಿಸಿ ಹಾಕ್ದೆ, ಹೋಡೋಗ್ರಾಮ್ ನೋಡ್ಬೇಕಿತ್ತು ನೀವು, ಸೈನ್ ವೇವ್ ಉಳಿದೇ ಇಲ್ಲ, ಅಲೆ ಕಡಿದಾಗಿ ತುದಿಯಲ್ಲಿ ಮುರ್ಕೊಂಡಿದೆ. ಅದಕ್ಕೂ ಒಂದು ವರ್ಷ ಮುಂಚೆ 1984ರಲ್ಲಿ ಆಂಪ್ಟೆ ಮಿಷನ್‌ನವ್ರು ಸೋಲಾರ್ ವಿಂಡ್‌ನಲ್ಲಿ ಲಿಥಿಯಂ, ಬೇರಿಯಂ ಚೆಲ್ಲಿ ಕೃತಕ ಧೂಮಕೇತು ಮಾಡಿದ್ರು, ಅದೇ ಮಿಷನ್ ಡೇಟಾದಲ್ಲೇ 1985ರಲ್ಲಿ ವಿಜ್ಞಾನಿ ಮೋಬಿಯಸ್ ಮತ್ತೆ ಜೊತೆಗಾರರು ಇಂಟರ್‌ಸ್ಟೆಲ್ಲಾರ್ ಹೀಲಿಯಂ ಪಿಕಪ್ ಅಯಾನ್ ಮೊದಲ ಸಲ ಕಂಡಿದ್ದು. ನಾವೇ ಚೆಲ್ಲಿದ ಅಯಾನ್ ಹುಡುಕೋಕೆ ಹೋದವ್ರಿಗೆ ನಕ್ಷತ್ರಗಳ ಮಧ್ಯದಿಂದ ಬಂದ ಅಯಾನ್ ಸಿಕ್ತು, ಈ ಕಥೆ ನಾನು ಪ್ರತಿ ವರ್ಷ ನನ್ನ ಹುಡುಗ್ರಿಗೆ ಹೇಳ್ತೀನಿ.

ಮಷೀನ್ ಲರ್ನಿಂಗ್ ಹಾಕಿ ಸರ್ ಅಂತ ನನ್ನ ಹಳೇ ಸ್ಟೂಡೆಂಟ್ ಒಬ್ಬ ಬೆಂಗಳೂರಿಂದ ಬಂದು ಎರಡು ವಾರಾಂತ್ಯ ಕೂತ. ನಲವತ್ತು ಉದಾಹರಣೆಯಲ್ಲಿ ಏನು ಕಲಿಯುತ್ತೆ ಅದು, ಫೀಲ್ಡ್ ರೇಡಿಯಲ್ ಇದ್ದದ್ದಕ್ಕೆಲ್ಲ ಅಲೆ ಇದೆ ಅಂತ ಹೇಳ್ತು. ಮಂಗಳದ ಸಾವಿರಾರು ಅಲೆ ಮೇಲೆ ಕಲ್ಸಿ ಹೀಲಿಯಂಗೆ ತಿರುಗ್ಸೋಣ ಅಂತ ಅವನು ಹೇಳ್ತಿದಾನೆ, ಅದು ಒಳ್ಳೇ ಯೋಚನೆ, ಮಾಡ್ತಾ ಇದೀವಿ. ವಾಯೇಜರ್ 2 ಡೇಟಾನೂ ಸ್ವಲ್ಪ ನೋಡ್ದೆ, ಹೊರಗಡೆ ಫೀಲ್ಡ್ 0.1 ಹತ್ರ ಇಳಿದಿರುತ್ತೆ, ಪ್ರೋಟಾನ್ ಸುತ್ತೇ ಹನ್ನೊಂದು ನಿಮಿಷ, ಮಧ್ಯೆ ಮಧ್ಯೆ ಗಂಟೆಗಟ್ಲೆ ಡೇಟಾ ಇಲ್ಲ. 2007ರಲ್ಲಿ ಅದು ಟರ್ಮಿನೇಷನ್ ಶಾಕ್ (ಬಹಳ ದೂರದಲ್ಲಿ ಸೋಲಾರ್ ವಿಂಡ್ ಒಮ್ಮೆಲೇ ನಿಧಾನ ಆಗೋ ಗಡಿ) ದಾಟಿದಾಗ ಗಾಳಿಯ ಎನರ್ಜಿ ಬಹುಪಾಲು ಹೋಗಿದ್ದು ಈ ಪಿಕಪ್ ಅಯಾನ್‌ಗಳಿಗೇ, ಅಷ್ಟು ಮುಖ್ಯ ಅವು ಅಲ್ಲಿ. ಆ ಕೆಲ್ಸ ಮಾಡೋಕೆ ನನಗೆ ಇನ್ನೂ ಟೈಮ್ ಬೇಕು.

ಒಟ್ಟು ಖರ್ಚು ಅರವತ್ತು ಸಾವಿರ ದಾಟಿದೆ, ಬೆಂಗಳೂರು ಓಡಾಟ ಬಿಟ್ಟು. ಇವತ್ತು ಶುರು ಮಾಡೋರಿಗೆ ಇಪ್ಪತ್ತೈದು ಸಾವಿರದಲ್ಲಿ ಮುಗಿಯುತ್ತೆ: ಹಳೇ ಡೆಸ್ಕ್‌ಟಾಪ್, ಯುಪಿಎಸ್ ಅಷ್ಟೇ. ಡೇಟಾ ಎಲ್ಲ ಫ್ರೀ, ಸಾಫ್ಟ್‌ವೇರ್ ಫ್ರೀ.

ಈಗ ಕಣ್ಣಿಟ್ಟಿರೋದು ಇಸ್ರೋದ ಆದಿತ್ಯ-ಎಲ್1 ಮೇಲೆ. 2024ರ ಜನವರಿ 6ಕ್ಕೆ ಎಲ್1 ಸುತ್ತ ಹೋಗಿ ಸೇರ್ತು, 6 ಮೀಟರ್ ಬೂಮ್ ಮೇಲೆ ಎರಡು ಮ್ಯಾಗ್ನೆಟೋಮೀಟರ್ ಸೆನ್ಸರ್ ಇದಾವೆ, ಒಂದು ತುದಿಗೆ, ಒಂದು ಮಧ್ಯಕ್ಕೆ, ಸ್ಪೇಸ್‌ಕ್ರಾಫ್ಟ್‌ನ ಸ್ವಂತ ಫೀಲ್ಡ್ ಕಳೆಯೋಕೆ ಅದು ಬಹಳ ಅನುಕೂಲ, ಮತ್ತೆ ಅದು ವಿಂಡ್, ಎಸಿಇ ಥರ ಗಿರಗಿರ ತಿರುಗಲ್ಲ, ಸ್ಪಿನ್ ಪೀಕ್ ಕಾಟ ಇಲ್ಲ. ಡೇಟಾ ಇಸ್ರೋದ ಪ್ರದಾನ್ ಅನ್ನೋ ವೆಬ್‌ಸೈಟಲ್ಲಿ ರಿಜಿಸ್ಟರ್ ಮಾಡ್ಕೊಂಡ್ರೆ ಸಿಗುತ್ತೆ. ಸೂರ್ಯನ ಗುರುತ್ವ ಹೀಲಿಯಂನ ಬಗ್ಗಿಸಿ ತನ್ನ ಹಿಂದೆ ಒಂದು ಕೋನ್ ಆಗಿ ಒಟ್ಟು ಮಾಡುತ್ತಲ್ಲ, ಭೂಮಿ ಮತ್ತೆ ಎಲ್1 ಪ್ರತಿ ವರ್ಷ ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಅದ್ರ ಮಧ್ಯೆ ಹಾದು ಹೋಗ್ತಾವೆ, ಅಲ್ಲಿ ಹೀಲಿಯಂ ಕೆಲವು ಪಟ್ಟು ಜಾಸ್ತಿ. ನನ್ನ ನಲವತ್ತರಲ್ಲಿ ಡಿಸೆಂಬರ್‌ದ್ದು ಎದ್ದು ಕಾಣೋಷ್ಟು ಜಾಸ್ತಿ ಇಲ್ಲ, ನಲ್ಲಿ ಬಿಗಿ ಇರೋದೇ ಮುಖ್ಯ ಅನ್ನೋದಕ್ಕೆ ನನಗೆ ಅದೇ ಸಾಕ್ಷಿ. ಆದ್ರೆ ಕೋನ್ ಒಳಗೇ ಒಂದು ಒಳ್ಳೇ ರೇರ್‌ಫ್ಯಾಕ್ಷನ್ ಸಿಕ್ರೆ, ವಿಂಡ್, ಎಸಿಇ, ಆದಿತ್ಯ ಮೂರೂ ಒಂದೇ ಅಲೆ ನೋಡಿದ್ರೆ, ಆ ಅಲೆ ಎಷ್ಟು ಅಗಲಕ್ಕೆ ಹರಡಿದೆ ಅಂತ ಅಳೀಬಹುದು. ನವೆಂಬರ್ ಕೊನೆಗೆ ಸೂರ್ಯನ ಮೇಲೆ ಕೊರೋನಲ್ ಹೋಲ್ (ಫಾಸ್ಟ್ ಸ್ಟ್ರೀಮ್ ಹುಟ್ಟೋ ಜಾಗ) ಎಲ್ಲಿದೆ ನೋಡ್ಕೊಂಡು ಡಿಸೆಂಬರ್ ಲೆಕ್ಕ ಹಾಕ್ತೀನಿ. ದಾವಣಗೆರೆ, ಚಿತ್ರದುರ್ಗ ಕಡೆಯವ್ರು ಯಾರಾದ್ರೂ ಜೊತೆಗೆ ಬರೋದಾದ್ರೆ ಈಗ್ಲೇ ಮೇವನ್ ಡೇಟಾ ಇಳ್ಸಿ ಆ 21 ಸೆಕೆಂಡ್ ವೃತ್ತ ತೆಗೆದು ತನ್ನಿ, ಸ್ಕ್ರಿಪ್ಟ್ ಕೊಡ್ತೀನಿ.